ತಡಕ್ಕೆ ಕಾರಣ: ಆನೆ

ನನ್ನನ್ನು ಕೆಲಸದಿಂದ ತೆಗೆದು ಇಂದಿಗೆ ಒಂಬತ್ತು ದಿನ. ಪತ್ರದಲ್ಲಿರುವ ಕಾರಣ, ಪದೇ ಪದೇ ತಡವಾಗಿ ಬಂದದ್ದು.

ಅದನ್ನು ಮೊದಲು ತಿಳಿಸಿದವನು ನಮ್ಮನ್ನು ಕೆಲಸಕ್ಕೆ ಕರೆದೊಯ್ಯುವ ಪಿಕಪ್ ಗಾಡಿಯ ಡ್ರೈವರ್ ಸಿದ್ದರಾಜು. ಪತ್ರ ಅಂದು ಸಂಜೆ ಕೈಗೆ ಬಂತು.

ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿಯ ಒಂದು ತರಕಾರಿ ಶೆಡ್ಡಿನಲ್ಲಿ ನಾಲ್ಕು ವರ್ಷ ಆಲೂಗಡ್ಡೆ, ಕೋಸು ಆರಿಸಿ ಮೂಟೆ ಕಟ್ಟುವ ಕೆಲಸ ಮಾಡಿದೆ. ಅಲ್ಲಿ ಎಲ್ಲರಿಗೂ ನಾನು ಮಹೇಶ.

ಹೋದ ತಿಂಗಳು ಜಿಲ್ಲೆಯಿಂದ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಬಂತು. ಅದರಲ್ಲಿರುವ ಹೆಸರು ಮಹೇಶ್ವರಿ. ಜೆರಾಕ್ಸ್ ಪ್ರತಿಯನ್ನು ಆಫೀಸಿಗೆ ಕೊಟ್ಟು, ಮರುದಿನ ಚೂಡಿದಾರ್ ಹಾಕಿಕೊಂಡು ನಮ್ಮೂರು ಜೀರಹಳ್ಳಿಯಲ್ಲಿ ಗಾಡಿಗೆ ಕಾದು ನಿಂತೆ.

ಗಾಡಿಯಲ್ಲಿ ಹೆಂಗಸರು ಮುಂದುಗಡೆ ಒತ್ತಾಗಿ ಕೂರುತ್ತಾರೆ. ಗಂಡಸರು ಹಿಂದೆ ಕಂಬಿ ಹಿಡಿದು ನಿಲ್ಲುತ್ತಾರೆ.

ಪಕ್ಕದ ಮನೆಯ ಮಾದಮ್ಮಕ್ಕ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. ಸಿದ್ದರಾಜು ಕನ್ನಡಿಯಲ್ಲಿ ನೋಡಿದ.

"ಏ ಮಹೇಸ, ಇದೇನ್ಲಾ ವೇಸ? ಎಣ್ಣೈಕಳ ಜೊತ್ಗ ಬ್ಯಾಡ, ಇಂದ್ಕ ಓಗು."

ಹಿಂದಿನಿಂದ ಒಬ್ಬ, "ಇಲ್ಲಿಗೂ ಬ್ಯಾಡ ಕಣ್ಲಾ, ನಮ್ಗೂ ಮಾನ ಅದ" ಅಂದ.

"ಅಂಗಾದ್ರ ಎಲ್ಲಿ ಕೂರುಸ್ಲಿ? ನನ್ನ ತಲ ಮ್ಯಾಲಾ?" ಅಂದ ಸಿದ್ದರಾಜು.

ಎಲ್ಲರೂ ನಕ್ಕರು. ನಾನು ಇಳಿದೆ...

ಕೆಲಸ ಶುರುವಾಗುವುದು ಏಳಕ್ಕೆ. ಬಸ್ಸು ಬರುವುದು ಒಂಬತ್ತಕ್ಕೆ. ಹಾಗಾಗಿ ಕಾಡಿನಂಚಿನ ರಸ್ತೆಯಲ್ಲಿ ನಡೆದೆ.

ಮೂರು ದಿನ ಹೀಗೇ. ಮೂರೂ ದಿನ ಹೊಲದಿಂದ ಕಾಡಿಗೆ ವಾಪಸಾಗುವ ಆನೆಗಳು ರಸ್ತೆ ದಾಟಿದ ಮೇಲೆಯೇ ನಾನು ಹೆಜ್ಜೆ ಇಟ್ಟದ್ದು.

ಶೆಡ್ಡಿನಲ್ಲಿ ತಡವಾಗಿ ಬಂದವರು ಸಹಿ ಮಾಡುವ ಒಂದು ಪುಸ್ತಕವಿದೆ. ಕಾರಣದ ಜಾಗದಲ್ಲಿ ಎಲ್ಲರೂ ಬರೆಯುವುದು ಒಂದೇ ಪದ, ಆನೆ. ಮನೆಯಲ್ಲಿ ಜ್ವರವಿದ್ದರೂ ಆನೆ, ಎಚ್ಚರವಾಗದಿದ್ದರೂ ಆನೆ. ಯಾರೂ ಪ್ರಶ್ನೆ ಮಾಡುವುದಿಲ್ಲ.

ಅಭ್ಯಾಸಬಲದಿಂದ ನಾನೂ ಮೂರು ದಿನ ಅದನ್ನೇ ಬರೆದೆ. ಗಾಡಿ ಹತ್ತಲು ಬಿಡಲಿಲ್ಲ ಎಂದು ಒಂದು ಸಲವೂ ಬರೆಯಲಿಲ್ಲ.

ಈಗ ಶೆಡ್ಡಿನ ಮ್ಯಾನೇಜರ್ ಹೇಳುವುದು ಇಷ್ಟು: ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಗಾಡಿ ಬಂದಿದೆ, ಅದಕ್ಕೆ ಆನೆ ಸಿಕ್ಕಿಲ್ಲ. ಆದ್ದರಿಂದ ನಾನು ಬರೆದದ್ದು ಸುಳ್ಳು. ಕೆಳಗೆ ನನ್ನದೇ ಸಹಿ.

ನಮ್ಮಂಥವರಿಗೆ ಕೆಲಸದಲ್ಲಿ ಭೇದ ಮಾಡಬಾರದು ಎಂದು ಕಾನೂನಿದೆ. ಪ್ರತಿ ಸಂಸ್ಥೆಯಲ್ಲೂ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಎಂದೂ ಇದೆ. ಇಲ್ಲಿ ಯಾರು ಎಂದು ಮ್ಯಾನೇಜರನ್ನು ಕೇಳಿದೆ.

"ನಾನೇ" ಅಂದರು.

ಈರೋಡಿಗೆ ಹೋಗಿ ನಮ್ಮ ಜಿಲ್ಲಾ ಕಚೇರಿಯಲ್ಲಿ ದೂರು ಕೊಟ್ಟೆ. ಗಾಡಿ ಹತ್ತಲು ಬಿಡದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಅಲ್ಲಿ ಕೇಳಿದರು.

ನಿನ್ನೆ ಮಾದಮ್ಮಕ್ಕನ ಮನೆಗೆ ಹೋಗಿದ್ದೆ. ಅವರು ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸಲಿಲ್ಲ.

"ನಾ ಕಂಡಿವ್ನಿ, ಇಲ್ಲ ಅನ್ನಕಾಯ್ತದಾ? ಆದ್ರ ನಾಳಕ ನಾನೂ ಅದೇ ಗಾಡಿ ಅತ್ಬೇಕು ಕಣವ್ವ. ನನ್ನ ಬುಟ್ಬುಡು."

ನನ್ನನ್ನು ಅವ್ವ ಎಂದು ಕರೆದ ಮೊದಲ ವ್ಯಕ್ತಿ ಅವರು. ಒತ್ತಾಯ ಮಾಡದೆ ಎದ್ದು ಬಂದೆ.

ವಿಚಾರಣೆ ಬರುವ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಈರೋಡಿನಲ್ಲಿ. ಸಾಕ್ಷಿಯ ಹೆಸರನ್ನು ಅಂದೇ ಕೊಡಬೇಕು.