ಕುರ್ತುಬಾದ ಚರ್ಮ, ಕುಸೈಸಿನ ಪರಸಪ್ಪ

ಎರಡು ತಿಂಗಳ ಬೇಸಗೆ ರಜೆ ಮುಗಿಸಿ ಊರಿನಿಂದ ದುಬೈಗೆ ಮರಳಿದವರು ಮೊದಲು ತೆರೆಯಬೇಕಾದದ್ದು ಫ್ರಿಜ್ಜನ್ನಲ್ಲ, ಚಪ್ಪಲಿಯ ಕಪಾಟನ್ನು. ಕರೆಂಟು ಬಿಲ್ಲಿಗೆ ಹೆದರಿ ಎಸಿ ಆರಿಸಿ ಹೋಗಿರುತ್ತೀರಿ. ಮುಚ್ಚಿದ ಫ್ಲಾಟಿನ ಕಾವಿನಲ್ಲಿ ನಿಮ್ಮ 'ಶುದ್ಧ ಚರ್ಮ'ದ ಬೂಟು ಸದ್ದಿಲ್ಲದೆ ನಿರ್ವಾಣ ಹೊಂದಿರುತ್ತದೆ. ಹೋದ ವರ್ಷ ನನ್ನದನ್ನು ಎತ್ತಿಕೊಂಡರೆ ಅಟ್ಟೆ ಕಪಾಟಿನಲ್ಲೇ ಉಳಿಯಿತು, ಮೇಲ್ಭಾಗ ಹಪ್ಪಳದ ಚೂರಿನಂತೆ ಕೈಗೆ ಬಂತು. ಕಟ್ಟಡದ ಕೆಲಸಗಾರರಿಗೆ ಬೂಟು ಪೂರೈಸಿಯೇ ಬದುಕು ಕಟ್ಟಿಕೊಂಡ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕೆ? ಅದೂ ಒಂದು ತಾಸು ಚೌಕಾಸಿ ಮಾಡಿ, ಗೆದ್ದೆನೆಂದು ಬೀಗುತ್ತ ತಂದ ಜೋಡು.

ಅಲ್ ಕುಸೈಸ್ ಬಡಾವಣೆಯಲ್ಲಿ ನಮ್ಮ ಕಟ್ಟಡದ ಹಿಂದೆ ಚಪ್ಪಲಿ ರಿಪೇರಿಯ ಒಂದು ಅಂಗಡಿ. ಅಲ್ಲಿ ದುಡಿಯುವ ಪರಸಪ್ಪ ಅಥಣಿ ಕಡೆಯವನು. ಚೂರುಗಳನ್ನು ನೋಡಿ ಹೊಟ್ಟೆ ಹಿಡಿದು ನಕ್ಕ.

"ಇದು ತೊಗಲಲ್ರಿ ಶೆಟ್ರ, ಪ್ಲಾಸ್ಟಿಕ್ಕಿಗೆ ತೊಗಲಿನ ಬಣ್ಣಾ ಹಚ್ಯಾರ. ಊರಿಗೆಲ್ಲಾ ಬೂಟ್ ಮಾರಾವ್ರು ನೀವು, ನಿಮಗ ಯಾವಂವರಿ ಟೋಪಿ ಹಾಕಿದಂವ?"

ಹದಿನೈದು ದಿನದಲ್ಲಿ ಆಡಿನ ಚರ್ಮದ ಒಂದು ಜೋಡು ಹೊಲಿದುಕೊಟ್ಟ. ಪಾದವನ್ನು ಅಳೆಯಲಿಲ್ಲ, ಬರೀ ನೋಡಿದ. ಹಾಕಿಕೊಂಡರೆ ಹುಟ್ಟುವಾಗಲೇ ತೊಟ್ಟು ಬಂದಂತೆ ಕೂತಿತು.

ಆ ಜೋಡಿನ ಗುಂಗಿನಲ್ಲಿ ಚರ್ಮದ ಬಗ್ಗೆ ಓದತೊಡಗಿದ ನನಗೆ ಸಿಕ್ಕಿದ್ದು 'ಕಾರ್ಡ್ವೇನ್' ಎಂಬ ಒಂದು ಇಂಗ್ಲಿಷ್ ಶಬ್ದ. ಅರ್ಥ, ಚರ್ಮ, ಅದರಲ್ಲೂ ಬೂಟಿಗೆ ಒದಗುವ ಉತ್ತಮ ಚರ್ಮ. ಮಗಳನ್ನು ಕೇಳಿದರೆ ಮೊಬೈಲಿನಿಂದ ಕಣ್ಣೆತ್ತದೆ "ಡ್ಯಾಡ್, ನೋಬಡಿ ಯೂಸಸ್ ಇಟ್" ಅಂದಳು. ನಿಜ, ಶಬ್ದ ಸತ್ತಿದೆ. ಆದರೆ ಅದರ ಜಾತಕ ನೋಡಿ. ಸ್ಪೇನಿನಲ್ಲಿ ಅರಬರು ಆಳುತ್ತಿದ್ದ ಕಾಲಕ್ಕೆ ಕುರ್ತುಬಾ ಎಂಬ ನಗರ ಹದಗೊಳಿಸಿದ ಆಡಿನ ಚರ್ಮಕ್ಕೆ ಜಗತ್ಪ್ರಸಿದ್ಧವಾಗಿತ್ತು. ಆ ಊರಿನ ಹೆಸರೇ ಫ್ರೆಂಚರ ನಾಲಗೆಯಲ್ಲಿ ಉರುಳಿ, ಇಂಗ್ಲಿಷರ ಬಾಯಲ್ಲಿ ಕಾರ್ಡ್ವೇನ್ ಆಯಿತು. ಶ್ರೀಮಂತರು ಅದನ್ನು ಮೆಟ್ಟಿ ಮೆರೆದರು. ಅದರಲ್ಲಿ ಹೊಸ ಬೂಟು ಹೊಲಿಯುವವನು ಕಾರ್ಡ್ವೇನರ್, ಮಾನವಂತ. ಹಳೆಯದಕ್ಕೆ ತೇಪೆ ಹಾಕುವವನು ಕಾಬ್ಲರ್. ಲಂಡನ್ನಿನಲ್ಲಿ ಈ ಎರಡನೆಯವನು ಹೊಸ ಚರ್ಮ ಮುಟ್ಟುವಂತಿರಲಿಲ್ಲವಂತೆ! ಚರ್ಮಕ್ಕೆ ಮರ್ಯಾದೆ, ಕೈಗೆ ಮಡಿಮೈಲಿಗೆ. ಇದು ನಮ್ಮಲ್ಲಿ ಮಾತ್ರ ಇರುವ ರೋಗವೆಂದು ತಿಳಿದಿದ್ದೆ.

ಇದನ್ನು ಹೇಳಲು ಹೋದಾಗ ಪರಸಪ್ಪ ಒಂದು ಪುಟ್ಟ ಕಾಗದದ ಮೇಲೆ ಬಗ್ಗಿದ್ದ. ಅದರಲ್ಲಿ ಪೆನ್ಸಿಲಿನಿಂದ ಬರೆದ ಮಗುವಿನ ಪಾದದ ಗೆರೆ. ಹೆಂಡತಿ ವರ್ಷಕ್ಕೊಮ್ಮೆ ಮಗಳ ಕಾಲನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಕಳಿಸುತ್ತಾಳೆ.

"ಹೊಲದು ಊರಿಗೆ ಹೋಗಾವ್ರ ಕೈಯಾಗ ಕೊಡ್ತೇನ್ರಿ. ಮುಟ್ಟೂದ್ರಾಗ ಕಾಲು ಬೆಳದಿರ್ತಾವು. ಒಂದ ಜೋಡೂ ಇನ್ನತನಾ ಬರೊಬ್ಬರಿ ಕೂತಿಲ್ಲ."

ಯಾರ ಪಾದವನ್ನಾದರೂ ಕಣ್ಣಲ್ಲೇ ಅಳೆಯುವವನಿಗೆ ತನ್ನ ಮಗಳ ಪಾದ ಮಾತ್ರ ಕಾಗದದಲ್ಲಿ!

"ಕರೆಸಿಕೊಳ್ಳಲಿಕ್ಕೆ ಎಂಥ ಧಾಡಿ ಮಾರಾಯ ನಿನಗೆ?" ಎಂದು ರೇಗಿ, ಅವನನ್ನು ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಎಳೆದುಕೊಂಡು ಹೋದೆ. ಇಲ್ಲಿ ಕುಟುಂಬವನ್ನು ಕರೆಸಲು ಸಂಬಳವೊಂದೇ ಸಾಲುತ್ತಿರಲಿಲ್ಲ, ವೀಸಾದಲ್ಲಿ ಬರೆದ ಹುದ್ದೆಯೂ ಒಪ್ಪಿಗೆಯಾಗಬೇಕಿತ್ತು. ಪರಸಪ್ಪನ ವೀಸಾದಲ್ಲಿ ಇದ್ದದ್ದು 'ಕಾಬ್ಲರ್'. ನಾನು ಮೇಜು ಕುಟ್ಟಿ ಕುರ್ತುಬಾದಿಂದ ಲಂಡನ್ನಿನವರೆಗೆ ಒದರಿದೆ: ಈ ಕಸುಬಿನ ಹೆಸರನ್ನು ಇಂಗ್ಲಿಷಿಗೆ ಕೊಟ್ಟದ್ದೇ ಅರಬರ ಊರು, ಇವನು ಹೊಸ ಬೂಟು ಹೊಲಿಯುವವನು, ಬೇಕಾದರೆ ನನ್ನ ಕಾಲು ನೋಡಿ! ಕಾಸರಗೋಡಿನ ಗುಮಾಸ್ತ ತಾಳ್ಮೆಯಿಂದ ಕೇಳಿಸಿಕೊಂಡ.

"ಶೆಟ್ರೆ, ಚರಿತ್ರೆಗೆ ಇದರಲ್ಲಿ ಕಾಲಮ್ಮಿಲ್ಲ. ಈ ಹುದ್ದೆಗೆ ಫ್ಯಾಮಿಲಿ ವೀಸಾ ಇಲ್ಲ, ಮಾಫಿ. ಖಲಾಸ್."

"ಯಾವ ಕತ್ತೆ ಹಾಕಿಸಿದ್ದು ಇದನ್ನು?" ಎಂದು ಕಿರುಚಿದೆ.

ಪರಸಪ್ಪ ನೆಲ ನೋಡುತ್ತ ಮೆಲ್ಲಗೆ ಅಂದ: "ನೀವ ಅಲ್ಲೇನ್ರಿ ಶೆಟ್ರ?"

ನಾನೇ. ಆ ಅಂಗಡಿಯ ಮಾಲೀಕ ನನ್ನ ಹಳೆಯ ಪರಿಚಯದವನು. ಪರಸಪ್ಪನನ್ನು ಕರೆಸುವಾಗ ಮಧ್ಯಸ್ಥಿಕೆ ವಹಿಸಿದವನು ನಾನು. "ಯಾವ ಹುದ್ದೆ ಬೇಗ ಸಿಗುತ್ತದೋ ಅದನ್ನೇ ಹಾಕಿ, ವೀಸಾ ಬಂದರೆ ಸಾಕಲ್ಲ" ಎಂದು ವ್ಯವಹಾರ ಚತುರನಂತೆ ಹೇಳಿ, ಒಂದು ವಾರ ಉಳಿಸಿದೆನೆಂದು ಹಿಗ್ಗಿದ್ದೆ. ಗಲ್ಫಿಗೆ ಬರುವ ನಮ್ಮವರಿಗೆಲ್ಲ ನಾನು ಉಪದೇಶಿಸುತ್ತ ಬಂದ ಮಹಾವಾಕ್ಯ ಇದು. ಆ ಒಂದು ವಾರದ ಉಳಿತಾಯಕ್ಕೆ ಪರಸಪ್ಪ ನಾಲ್ಕು ವರ್ಷ ಕಳೆದುಕೊಂಡಿದ್ದ.

ಅಲ್ಲಿಂದ ನೇರ ಮಾಲೀಕನ ಬಳಿಗೆ ನಡೆದೆ. ಹುದ್ದೆ ತಿದ್ದಿಸು ಅಂದೆ. "ತಿದ್ದಿಸಿದರೆ ನಾಳೆ ಅವನನ್ನು ಬೇರೆಯವರು ಎತ್ತಿಕೊಂಡು ಹೋಗ್ತಾರೆ ಶೆಟ್ರೆ, ನೀವೇ ಕಲಿಸಿದ ವ್ಯಾಪಾರ" ಎಂದು ಹಲ್ಲು ಕಿರಿದ. ಬದುಕಿನಲ್ಲಿ ಮೊದಲ ಸಲ ಚೌಕಾಸಿ ಮಾಡದೆ, ಕಾಲಿನ ಜೋಡು ಬಿಚ್ಚಿ ಅವನ ಮೇಜಿನ ಮೇಲಿಟ್ಟೆ. "ಇದನ್ನು ಹೊಲಿದವನು ಕರಾರು ಮುಗಿದ ದಿನ ನನ್ನ ಕಂಪನಿಯ ಲೈಸೆನ್ಸಿಗೆ ಬರುತ್ತಾನೆ, ಬೂಟು ತಯಾರಕನಾಗಿ" ಅಂದೆ. ಜೋಡನ್ನು ಎತ್ತಿಕೊಳ್ಳಲು ಮರೆತು ಬರಿಗಾಲಲ್ಲಿ ಹೊರಬಿದ್ದು, ಕಾದ ಕಾಂಕ್ರೀಟಿನ ಮೇಲೆ ಕುಣಿಯುತ್ತ ವಾಪಸು ಹೋಗಿ ತಂದದ್ದನ್ನು ನೀವು ಯಾರಿಗೂ ಹೇಳಬಾರದು.

ಈಗ ನನ್ನ ಉಪದೇಶ ಬದಲಾಗಿದೆ: ವೀಸಾ ತಡವಾದರೂ ಸರಿ, ನಿಮ್ಮ ಕೈ ಬಲ್ಲ ಕಸುಬನ್ನೇ ಬರೆಸಿ.

ಮೊನ್ನೆ ಈ ವರ್ಷದ ರಜೆ ಮುಗಿಸಿ ಬಂದೆ. ಪರಸಪ್ಪನ ಹೆಂಡತಿ ನಮ್ಮ ಊರಿನ ಮನೆಗೆ ಅಂಚೆಯಲ್ಲಿ ಕಳಿಸಿದ್ದ ಹೊಸ ಪಾದದ ಗೆರೆ ಜೇಬಿನಲ್ಲಿತ್ತು. ಕೊಟ್ಟಾಗ ಅವನು ಅದರ ಮೇಲೆ ಅಂಗೈ ಇಟ್ಟು ನೋಡಿ, "ಭಾಳ ಬೆಳದಾಳ್ರಿ" ಅಂದ.

"ಈ ಸಲ ಹೊಲಿಯಬೇಡ. ದೀಪಾವಳಿಗೆ ನಿನ್ನ ಕರಾರು ಮುಗಿಯುತ್ತದೆ. ಅವಳು ಬಂದ ಮೇಲೆ ಕಾಲು ನೋಡಿ ಹೊಲಿ."

ಮನೆಗೆ ಬಂದು ಕಪಾಟು ತೆರೆದೆ. ಎರಡು ತಿಂಗಳ ಕಾವಿನಲ್ಲಿ ಬೆಂದರೂ ಪರಸಪ್ಪ ಹೊಲಿದ ಜೋಡು ಒಂದು ಚೂರು ಉದುರಿರಲಿಲ್ಲ. ಆ ಹುದ್ದೆ ಹಾಕಿಸಿದ ಕತ್ತೆಯ ಮೇಲಿನ ನನ್ನ ಸಿಟ್ಟೂ ಅಷ್ಟೇ.