ಸೇತುವೆಯ ಮೇಲಿನ ಅಂಬಿಗನ ಮುಖ

ಊರಿನ ಅಂಗಡಿ ಬೋರ್ಡುಗಳನ್ನೆಲ್ಲ ಬರೆದವನು ಅವನೇ. ಹಾಗಾಗಿ ಎಲ್ಲರ ಬಾಯಲ್ಲೂ ಬೋರ್ಡಣ್ಣ. ಹೊಸ ಸೇತುವೆಯ ತಡೆಗೋಡೆಯ ಮೇಲೆ ಊರಿನ ಚರಿತ್ರೆ, ಹಳೇ ಕತೆಗಳನ್ನು ಬಿಡಿಸುವ ಕೆಲಸವೂ ಅವನಿಗೇ ಬಂತು. ಕೋಟೆ ಕಟ್ಟಿಸಿದ ದೊರೆ, ಅವನ ದಂಡು, ಕೊನೆಗೆ ಪ್ರವಾಹದಲ್ಲಿ ಊರವರನ್ನೆಲ್ಲ ದಡ ಸೇರಿಸಿ ತಾನು ಮುಳುಗಿಹೋದ ಅಂಬಿಗ.

ಇದೇ ಸೇತುವೆಯ ಕಂಬ ಏಳುವಾಗ ಬೋರ್ಡಣ್ಣನ ತಮ್ಮ, ಗಾರೆ ಕೆಲಸದವನು, ಕಾಲು ಜಾರಿ ಹೊಳೆಗೆ ಬಿದ್ದಿದ್ದ. ಹೆಣ ಸಿಗಲಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಅಂಬಿಗನಿಗೆ ತಮ್ಮನ ಮುಖ ಇಡು, ಸಾಯೋ ಮುಂಚೆ ಒಂದು ಸಲ ಕಣ್ತುಂಬ ನೋಡ್ತೀನಿ ಎಂದು ಅಮ್ಮ ಕೇಳಿದಳು. ಇಲ್ಲ ಎನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ?

ಒಪ್ಪಿಕೊಂಡದ್ದೇ ಫಜೀತಿಯಾಯಿತು. ಮೊದಲ ಸಲ ಅಮ್ಮ ಗಲ್ಲ ಸರಿಯಿಲ್ಲವೆಂದಳು. ಟರ್ಪೆಂಟೈನಿನಲ್ಲಿ ಒರೆಸಿ ಮತ್ತೆ ಬರೆದ. ಎರಡನೇ ಸಲ ಕಣ್ಣು ಬೇರೆ ಯಾರದೋ ಎಂದಳು. ತಮ್ಮನ ನಡಿಗೆ, ಕೆಮ್ಮು, ತಲೆಗೆ ಟವೆಲ್ ಸುತ್ತುವ ರೀತಿ ಎಲ್ಲ ನೆನಪಿತ್ತು. ಹಾಳಾದ್ದು, ಮುಖವೊಂದೇ ಜಾರಿಹೋಗಿತ್ತು. ಹೆತ್ತವಳಿಗೆ ಅದನ್ನು ಹೇಳುವುದಾದರೂ ಹೇಗೆ? ಒಡಹುಟ್ಟಿದವರಲ್ಲವೇ ಎಂದು ಕ್ಷೌರದ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿ, ಹತ್ತು ವರ್ಷ ಕಡಿಮೆ ಮಾಡಿ ಬರೆದ. ಅಮ್ಮ ಒಂದೇ ನೋಟಕ್ಕೆ ಹಿಡಿದಳು.

"ಇದು ನೀನು ಕಣೋ. ನನಗೆ ಬೇಕಾಗಿರೋದು ಅವನು."

ಆ ಮಾತು ಅವನ ಎದೆಗೆ ನಾಟಿತು. ಮನೆಯಲ್ಲಿ ಉಳಿದ ಮಗ ತಾನು ಎನ್ನುವುದು ಆ ಕ್ಷಣಕ್ಕೆ ಯಾರಿಗೂ ಬೇಡದ ಸಂಗತಿಯಾಗಿತ್ತು.

ಉದ್ಘಾಟನೆಗೆ ಎರಡು ದಿನ ಇರುವಾಗ ಇಂಜಿನಿಯರು ಬಂದು, ಈ ಮೂತಿ ಇವತ್ತು ಮುಗಿಯದಿದ್ದರೆ ಗೋಡೆಗೆ ಸುಣ್ಣ ಬಳಿಸುತ್ತೇನೆಂದು ಗದರಿ ಹೋದರು. ಬೋರ್ಡಣ್ಣನಿಗೆ ಸಾಕುಸಾಕಾಗಿತ್ತು. ದೊರೆಯ ಸಿಪಾಯಿಗಳಿಗೆ ಒಬ್ಬೊಬ್ಬರ ಮುಖ ಬರೆಯುತ್ತ ಯಾರು ಕೂರುತ್ತಾರೆಂದು ರಟ್ಟು ಕತ್ತರಿಸಿ ಎಲ್ಲರಿಗೂ ಒಂದೇ ಮುಖದ ಅಚ್ಚು ಮಾಡಿಕೊಂಡಿದ್ದ. ಅದನ್ನೇ ಅಂಬಿಗನ ಕತ್ತಿನ ಮೇಲಿಟ್ಟು ಬಣ್ಣ ಒತ್ತಿಬಿಟ್ಟ. ಯಾವ ತಾಯಿಯೂ ಹೆರದ ಮುಖ ಅದು.

ಮಧ್ಯಾಹ್ನ ಅಮ್ಮ ಬಂದಳು. ಅವನು ಬೈಸಿಕೊಳ್ಳಲು ಸಿದ್ಧನಾಗಿ, ತಲೆ ತಗ್ಗಿಸಿ ಕುಂಚ ತೊಳೆಯುತ್ತ ಕೂತ. ಅವಳು ಸಿಪಾಯಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅಂಬಿಗನ ಮುಂದೆ ಬಹಳ ಹೊತ್ತು ನಿಂತು, ಹಸಿ ಬಣ್ಣದ ಕೆನ್ನೆಗೆ ಅಂಗೈ ಇಟ್ಟಳು.

"ಬಂದ ನೋಡು ನನ್ನ ಮಗ. ಹೀಗೇ ಇದ್ದ, ಅಲ್ವೇನೋ?"

"ಹೌದಮ್ಮ, ಹೀಗೇ ಇದ್ದ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಅತ್ತಳು. ಬೋರ್ಡಣ್ಣ ಕಣ್ಣು ಮುಚ್ಚಿ ತಮ್ಮನನ್ನು ನೆನೆಯಲು ನೋಡಿದ. ರಟ್ಟಿನ ಮುಖವೇ ಬಂತು.