ಎಸ್ತೇರ್‌ಬಾಯಿ ಜೊತೆ ರಬಕವಿ-ಬನಹಟ್ಟಿಗೆ

ಜಮಖಂಡಿ ಬಸ್‌ಸ್ಟ್ಯಾಂಡಿನಿಂದ ಬೆಳಿಗ್ಗೆ ಹೊರಟೆವು. ಕರ್ನಾಟಕದ ಹೆಂಗಸೆಂದು ನನಗೆ ಪುಕ್ಕಟೆ ಟಿಕೆಟು. ಎಸ್ತೇರ್‌ಬಾಯಿಯ ಆಧಾರ್ ಮಹಾರಾಷ್ಟ್ರದ್ದು, ಅವರು ರೊಕ್ಕ ಕೊಟ್ಟರು. ಅವರು ಮುಂಬಯಿ ಹತ್ತಿರದ ಠಾಣೆ ಊರಿನಲ್ಲಿ ನನ್ನ ತಂಗಿಯ ನೆರೆಮನೆಯವರು, ಯಹೂದಿಗಳು. ತಲೆತಲಾಂತರದಿಂದ ಕೊಂಕಣದವರು, ಮನೆಮಾತು ಮರಾಠಿ. ಮೊಮ್ಮಗಳ ಮದುವೆಗೆ ಬನಹಟ್ಟಿ ಮಗ್ಗದ ಸೀರೆ ಒಯ್ಯಲು ಬಂದಿದ್ದರು.

ಮೊದಲು ರಬಕವಿಯಲ್ಲಿ ಇಳಿದು ನಮ್ಮ ಭಾವನವರ ಮನೆಗೆ ಹೋದೆವು. ಉಪ್ಪಿಟ್ಟು ಬಂತು. ಟಿವಿಯಲ್ಲಿ ಗಾಜಾದ ಸುದ್ದಿ. ಇವರು ಯಹೂದಿಗಳು ಎಂದು ನಾನೇ ಹೆಮ್ಮೆಯಿಂದ ಹೇಳಿದೆ. ಭಾವನವರು ಎದ್ದು ಕೈಮುಗಿದರು.

"ನಿಮ್ಮ ದೇಶ ಅವರಿಗೆ ಛಲೋ ಬುದ್ಧಿ ಕಲಿಸಾಕತ್ತೈತಿ ನೋಡ್ರಿ."

ಎಸ್ತೇರ್‌ಬಾಯಿ ತಟ್ಟೆ ಕೆಳಗಿಟ್ಟರು. ಅವರ ಮರಾಠಿಯನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ: "ನನ್ನ ದೇಶ ಇದರೀ. ಅಲ್ಲಿ ನನ್ನ ತಂಗಿ ಅದಾಳ. ಸೈರನ್ ಆತಂದ್ರ ಫೋನ್ ಮಾಡ್ತಾಳ, ನನ್ನ ಜೀವ ಹಾರತೈತಿ. ಆದ್ರ ಸತ್ತ ಕೂಸುಗಳ ಸಲುವಾಗಿ ಶಭಾಶ್ ಅನ್ನಿಸ್ಕೊಳ್ಳಾಕ ನಾ ಬಂದಿಲ್ಲ."

ಭಾವನವರಿಗೆ ಅದು ತಟ್ಟಿದಂತೆ ಕಾಣಲಿಲ್ಲ. ಹೊರಡುವಾಗ ಸೆಲ್ಫಿ ಕೇಳಿದರು.

ಬನಹಟ್ಟಿಗೆ ಆಟೋ ಹತ್ತಿದಾಗ ನನಗೆ ಬೇರೆ ಚಿಂತೆ. ನೇಕಾರ ರಾಜೇಸಾಬರದು ಮುಸಲ್ಮಾನರ ಮನೆ. ಅಲ್ಲಿ ಕ್ರಿಶ್ಚಿಯನ್ ಅಂದುಬಿಡೋಣ ಎಂದೆ. ಎಸ್ತೇರ್‌ಬಾಯಿ ಹೊರಗೆ ನೋಡುತ್ತಲೇ, ಈಗೀಗ ಠಾಣೆಯಲ್ಲೂ ಹೆಸರು ಕೇಳಿ ಮುಖ ತಿರುಗಿಸುವವರಿದ್ದಾರೆ, ಈಗ ನೀವೂ ಮುಚ್ಚಿಡು ಅನ್ನುತ್ತೀರಿ ಎಂದರು, ಅಷ್ಟೆ.

ರಾಜೇಸಾಬರ ಮನೆಯಲ್ಲಿ ನಾನು, ಇವರು ಕ್ರಿಶ್ಚಿಯನ್ನರು ಎಂದೇ ಹೇಳಿದೆ. ಕೆಂಪು ದಡಿಯ ಹಸಿರು ಸೀರೆ ಒಪ್ಪಿಗೆಯಾಯಿತು. ರಾಜೇಸಾಬರ ಹೆಂಡತಿ ಬೀಬಿಜಾನ್, ದರ್ಗಾದಲ್ಲಿ ಫಾತೆಹಾ ಓದಿಸಿದ್ದೆಂದು, ಗೋಧಿ ರೊಟ್ಟಿ ಪುಡಿಮಾಡಿ ಬೆಲ್ಲ ಕಲಸಿದ ಮಲಿದಾ ತಂದುಕೊಟ್ಟರು. ಒಂದು ತುತ್ತಿಗೇ ಎಸ್ತೇರ್‌ಬಾಯಿಯ ಮುಖ ಅರಳಿತು. ನಾವೂ ಏಲಿಯಾ ಪ್ರವಾದಿಯ ಹೆಸರಿನಲ್ಲಿ ಮಲಿದಾ ಮಾಡುತ್ತೇವೆ, ಅವಲಕ್ಕಿಯದು, ಮೇಲೆ ಕೊಬ್ಬರಿ ಎಂದರು.

ಯಾವ ಕ್ರಿಶ್ಚಿಯನ್ನರು ಮಲಿದಾ ಮಾಡುತ್ತಾರೆಂದು ಬೀಬಿಜಾನ್ ಕೇಳಿದರು. ಎಸ್ತೇರ್‌ಬಾಯಿ ನನ್ನ ಕಡೆ ನೋಡಲಿಲ್ಲ. "ನಾವು ಯಹೂದಿಗಳ್ರೀ," ಎಂದರು.

ರಾಜೇಸಾಬರು ಮಗ್ಗ ನಿಲ್ಲಿಸಿದರು. "ಗಾಜಾದ್ದು ನೋಡಿದ್ರ ಹೊಟ್ಯಾಗ ಬೆಂಕಿ ಬೀಳತೈತ್ರಿ. ನಿಮ್ಮನ್ನೇನ ಕೇಳ್ಲಿ?" ಎಂದು ಸೀರೆ ಮಡಚತೊಡಗಿದರು. ಅವರ ಮುಖದ ಬಿಗಿ ಸಡಿಲಾಗಲಿಲ್ಲ. ಮಡಿಕೆ ಮಾತ್ರ ಒಂದೂ ತಪ್ಪಲಿಲ್ಲ.

ಬೀಬಿಜಾನ್ ನನ್ನ ಕಡೆ ತಿರುಗಿದರು. "ನಮ್ಮನ್ನ ಏನಂತ ತಿಳಿದೀರಿ, ಅಕ್ಕಾರ?"



ಮರಳುವ ಬಸ್ಸಿನಲ್ಲಿ ಕಂಡಕ್ಟರು ಎಸ್ತೇರ್‌ಬಾಯಿಯ ಆಧಾರ್ ನೋಡಿ, ಇದು ಯಾವ ಮಂದಿ ಹೆಸರು ಎಂದ. ಎಸ್ತೇರ್‌ಬಾಯಿ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ನೀವ ಹೇಳ್ರಿ," ಎಂದರು ನನಗೆ.

"ಯಹೂದಿಗಳ್ರೀ. ಠಾಣೆಯವರು."

ನನ್ನ ದನಿ ಎಷ್ಟು ಸಣ್ಣದಾಗಿತ್ತೆಂದರೆ, ಏನಂದ್ರಿ ಎಂದು ಕಂಡಕ್ಟರು ಬಗ್ಗಿ ಕೇಳಿದ. ಎರಡನೇ ಸಲ ಹೇಳಬೇಕಾಯಿತು.